ದೀಪದ ಸರದಿಗೊಂದು ಭಾಷೆ

ಕೈಗೆತ್ತಿಕೊಂಡ ಕಾರ್ಯ ಮುಳ್ಳಾಗಿ ಚುಚ್ಚಿದರೂ ಕೈಬಿಡದ ಛಲ. ತಾನು ಅರಿಯದುದನ್ನು ಅರಿಯೆನೆಂದು ನಾಲ್ವರ ನಡುವೆ ನುಡಿಯುವ ನೇರ. ಇಪ್ಪತ್ತು ವರ್ಷ ಕಲಿಸಿದ ಪಾಠವನ್ನೂ ಹಿಂದಿನ ದಿನ ಮತ್ತೊಮ್ಮೆ ಓದಿಕೊಂಡೇ ತರಗತಿಗೆ ಕಾಲಿಡುವ ಶ್ರದ್ಧೆ. ಹಿರಿಯರೆದುರು ತಲೆಬಾಗಿ ನಿಂತಿದ್ದರೂ ಅವರ ಮಾತು ತಪ್ಪಿದಲ್ಲಿ ತಪ್ಪಿತೆಂದು ಮೆಲುದನಿಯಲ್ಲಿ ಹೇಳಬಲ್ಲ ಎದೆಗಾರಿಕೆ. ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಬಂದ ಕಾರಣ ಕೇಳುವ ಸೌಜನ್ಯ. ದೇವರ ಮುಂದೆ ಏನನ್ನೂ ಬೇಡದೆ ಸುಮ್ಮನೆ ಕೈಮುಗಿದು ಬರುವ ತೃಪ್ತಿ. ಈ ಗುಣಗಳು ಲೋಕದಲ್ಲಿ ಒಂದೊಂದಾಗಿ ದೊರೆಯುವುದು ಅಪರೂಪವೇನಲ್ಲ. ಎಲ್ಲವೂ ಒಬ್ಬರಲ್ಲೇ ಕೂಡಿಬಂದುದನ್ನು ಪುತ್ತೂರಿನವರು ಕಂಡದ್ದು ಹರಿಣಾಕ್ಷಿ ರೈಯಲ್ಲಿ.

ಆಕೆ ಪುತ್ತೂರಿನ ಒಂದು ಪ್ರೌಢಶಾಲೆಯಲ್ಲಿ ಸಾವಿರದ ಒಂಬೈನೂರ ಎಪ್ಪತ್ತೊಂದರಿಂದ ಗಣಿತ ಕಲಿಸುತ್ತಿದ್ದಳು. ತವರು ಕಡಬದ ಕಡೆ. ಗಂಡ ದೇವದಾಸ ರೈಗೆ ದರ್ಬೆಯಲ್ಲಿ ಪಂಪುಸೆಟ್ಟು ರಿಪೇರಿಯ ಅಂಗಡಿ. ಮಗಳು ಮೋಹಿನಿ ಕಾಲೇಜಿನ ಮೆಟ್ಟಿಲೇರುವ ಹೊತ್ತಿಗೆ ಹರಿಣಾಕ್ಷಿಯ ತಾಯಿ ಸೀತಕ್ಕನೂ ಅವರ ಮನೆಗೇ ಬಂದು ನೆಲೆಸಿದ್ದರು. ಬಂಟರ ಆ ಮನೆತನದಲ್ಲಿ ವಂಶವನ್ನು ತಾಯಿಯಿಂದ ಎಣಿಸುವುದು ರೂಢಿ. ಆಸ್ತಿಯಾಗಲಿ, ದೈವದ ಚಾಕರಿಯಾಗಲಿ, ಸತ್ತವರ ಸೂತಕವಾಗಲಿ, ತಾಯಿಯ ಬಳ್ಳಿ ಹಿಡಿದೇ ಹರಿಯುತ್ತಿತ್ತು. ಹುಟ್ಟಿದಂದಿನಿಂದ ಕಂಡ ಈ ಕ್ರಮವನ್ನು ಹರಿಣಾಕ್ಷಿ ಎಂದೂ ಕುಳಿತು ಯೋಚಿಸಿದವಳಲ್ಲ. ಉಸಿರಾಟವನ್ನು ಯಾರು ಯೋಚಿಸುತ್ತಾರೆ?

ಎಂಬತ್ತೆರಡರ ಬೇಸಿಗೆಯಲ್ಲಿ ಗಣಿತ ಶಿಕ್ಷಕರಿಗಾಗಿ ನಡೆದ ಒಂದು ಶಿಬಿರದಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಗಂಟೆಯ ಹೊತ್ತು ಮಾತನಾಡಿದರು. ಗಣಕಯಂತ್ರಕ್ಕೆ ಕೆಲಸ ಹೇಳುವ ಮೊದಲು ಆ ಕೆಲಸ ಯಾವುದೆಂದು ಮನುಷ್ಯರು ತಮ್ಮೊಳಗೆ ಒಪ್ಪಿಕೊಳ್ಳಬೇಕು. ಆಡುಮಾತಿನಲ್ಲಿ ಬರೆದಿಟ್ಟರೆ ಹತ್ತು ಜನ ಹತ್ತು ಅರ್ಥ ಮಾಡುತ್ತಾರೆ. ಆದ್ದರಿಂದ ಕೆಲವೇ ಪದಗಳೂ ಬಿಗಿಯಾದ ನಿಯಮಗಳೂ ಉಳ್ಳ, ಒಂದು ವಾಕ್ಯಕ್ಕೆ ಒಂದೇ ಅರ್ಥ ಹೊರಡುವ ಭಾಷೆಯೊಂದನ್ನು ಕಟ್ಟಿ, ಯಂತ್ರದೊಳಗೆ ನಡೆಯಬೇಕಾದ ವ್ಯವಸ್ಥೆಯ ಮಾದರಿಯನ್ನು ಮೊದಲು ಅದರಲ್ಲಿ ಬರೆಯಬೇಕು. ಅದೂ ಎಲ್ಲಕ್ಕೂ ಒಂದೇ ಭಾಷೆಯಲ್ಲ, ಆಯಾ ಕಸುಬಿಗೆ ಆಯಾ ಭಾಷೆ ಎಂದರು. ಉಳಿದವರು ಚಹಾದ ಗಂಟೆಗಾಗಿ ಕಾಯುತ್ತಿದ್ದರು. ಹರಿಣಾಕ್ಷಿಗೆ ಚಹಾ ಬಂದುದೂ ತಿಳಿಯಲಿಲ್ಲ. ಒಂದು ಮಾತಿಗೆ ಒಂದೇ ಅರ್ಥ! ಶಾಲೆಯ ಸುತ್ತೋಲೆಗಳನ್ನು ಹನ್ನೊಂದು ವರ್ಷ ಓದಿದವಳಿಗೆ ಅದು ಮೋಕ್ಷದ ಬಾಗಿಲಿನಂತೆ ಕಂಡಿತು.

ಎರಡು ವರ್ಷ ತಾನೇ ಓದಿ, ಎಂಬತ್ತನಾಲ್ಕರಲ್ಲಿ ಅದೇ ಪ್ರಾಧ್ಯಾಪಕರ ಕೈಕೆಳಗೆ ಎಂ.ಫಿಲ್. ಪದವಿಗೆ ಹೆಸರು ನೋಂದಾಯಿಸಿದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಂಗಳೂರಿನ ಬಸ್ಸು ಹತ್ತುವುದು, ಗ್ರಂಥಾಲಯದಲ್ಲಿ ವಿದೇಶದ ವರದಿಗಳನ್ನು ಕೈಯಲ್ಲೇ ನಕಲು ಮಾಡುವುದು, ಅದನ್ನು ವಾರವಿಡೀ ಬಿಡಿಸಿ ಓದುವುದು. ಗಣಗಳ ಬೀಜಗಣಿತ, ಸ್ಥಿತಿಯಿಂದ ಸ್ಥಿತಿಗೆ ಸಾಗುವ ಯಂತ್ರಗಳ ಚಿತ್ರ, ವಾಕ್ಯರಚನೆಯ ಸೂತ್ರಗಳು, ಹೀಗೆ ಹನ್ನೆರಡು ನೋಟುಪುಸ್ತಕಗಳು ತುಂಬಿದವು.

ಸೀತಕ್ಕನಿಗೆ ಇದು ಅರ್ಥವಾಗದ ವ್ರತ. "ತುಳು ಉಂಟು, ಕನ್ನಡ ಉಂಟು, ನಿಮ್ಮ ಇಂಗ್ಲಿಷು ಉಂಟು. ಇನ್ನೊಂದು ಭಾಷೆ ಮಾಡುದು ಯಾರೊಟ್ಟಿಗೆ ಮಾತಾಡ್ಲಿಕ್ಕೆ ಮಗಾ?" ಎಂದು ಒಮ್ಮೆ ಕೇಳಿದರು.

"ಜಗಳ ಆಗದ ಹಾಗೆ ಮಾತಾಡ್ಲಿಕ್ಕೆ ಅಮ್ಮ. ಹೇಳಿದವನಿಗೂ ಕೇಳಿದವನಿಗೂ ಒಂದೇ ಅರ್ಥ."

"ಹಾಗಾದ್ರೆ ಮೊದ್ಲು ನಿನ್ನ ಗಂಡನಿಗೆ ಕಲಿಸು."

ಒಳಗಿನಿಂದ ದೇವದಾಸ ರೈ, "ನನಗೆ ಬೇಡ ಅತ್ತೆ. ತಪ್ಪಿಸಿಕೊಳ್ಲಿಕ್ಕೆ ಅರ್ಥ ಆಗುದಿಲ್ಲ ಅಂತ ಹೇಳುವ ಒಂದೇ ದಾರಿ ಉಳಿದದ್ದು," ಎಂದ.

ಪದವಿಗೆ ಮೂರು ವರ್ಷದ ಅವಧಿ. ಮಾರ್ಗದರ್ಶಕರು ಮೊದಲ ಕರಡನ್ನು ಹಿಂತಿರುಗಿಸುತ್ತ, "ಲಿಫ್ಟು, ದೂರವಾಣಿ, ಗ್ರಂಥಾಲಯ ಎಲ್ಲ ಹೊರದೇಶದವರು ಬರೆದು ಮುಗಿಸಿದ ಉದಾಹರಣೆಗಳು. ನಿಮ್ಮ ಕಡಬದಲ್ಲಿ ಲಿಫ್ಟು ಉಂಟೇ? ನಿಯಮ ಖಚಿತವಾಗಿರುವ ನಿಜವಾದ ಒಂದು ವ್ಯವಹಾರ ಹುಡುಕಿ. ಅದಕ್ಕೊಂದು ಭಾಷೆ ಕಟ್ಟಿ. ಅದನ್ನು ನಡೆಸುವ ಜನ 'ಇದು ನಮ್ಮ ಕ್ರಮವೇ ಹೌದು' ಎಂದು ಬರೆದುಕೊಟ್ಟರೆ ಮಾತ್ರ ನಾನು ರುಜು ಹಾಕುತ್ತೇನೆ," ಎಂದರು. ಅಷ್ಟರಲ್ಲಿ ಮೂರು ವರ್ಷ ಕಳೆದು, ಬೇಡಿ ಪಡೆದ ಇನ್ನೊಂದು ವರ್ಷವೂ ಓಡತೊಡಗಿತು. ಎಂಬತ್ತೆಂಟರ ಮಾರ್ಚ್ ಮೂವತ್ತೊಂದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೆಸರು ಪಟ್ಟಿಯಿಂದ ಕಡಿದುಹೋಗುತ್ತದೆ, ಮತ್ತೆ ಅವಕಾಶವಿಲ್ಲ ಎಂದು ಪತ್ರವೂ ಬಂತು.

ಹರಿಣಾಕ್ಷಿ ಹುಡುಕಿದ್ದು ಬಾಳುಗುರಿಯ ದೀಪದ ಸರದಿಯನ್ನು.

ಬಾಳುಗುರಿ ಗುತ್ತಿಗಾರಿನಿಂದಾಚೆ, ಕೊಲ್ಲಮೊಗ್ರು ದಾರಿಯಲ್ಲಿ ಕಾಡಿಗೆ ಬೆನ್ನುಕೊಟ್ಟು ಕುಳಿತ ಸಣ್ಣ ದೇವಸ್ಥಾನ. ವೃಶ್ಚಿಕ ಸಂಕ್ರಮಣದಿಂದ ನಲವತ್ತೆಂಟು ದಿನಗಳ ಒಂದು ಮಂಡಲ ಕಾಲ ಅಲ್ಲಿ ದಿನಕ್ಕೊಂದು ಮನೆಯವರು ಬಂದು ದೀಪ ಹಚ್ಚಬೇಕು; ನಲವತ್ತೆಂಟು ಮನೆ, ನಲವತ್ತೆಂಟು ದಿನ. ಬಂಟರು, ಗೌಡರು, ಬ್ರಾಹ್ಮಣರು, ಇನ್ನೂ ಹಲವರು ಆ ಸರದಿಯಲ್ಲಿದ್ದರು. ಸಾವಿನ ಸೂತಕವೋ ಹೆರಿಗೆಯ ಅಮೆಯೋ ಬಂದ ಮನೆಯವರು ದೀಪ ಮುಟ್ಟುವಂತಿಲ್ಲ. ಆಗ ಮುಂದಿನ ಮನೆಗಳು ಒಂದೊಂದು ದಿನ ಹಿಂದಕ್ಕೆ ಸರಿದು ಜಾಗ ತುಂಬುತ್ತವೆ. ತಡೆ ಕಳೆದ ಮನೆ ಆಮೇಲಿನ ಮೊದಲ ದಿನವನ್ನು ಪಡೆಯುತ್ತದೆ. ಒಂದು ದಿನ ತಪ್ಪಿದರೂ, ಸೂತಕದವರ ಕೈ ದೀಪಕ್ಕೆ ತಾಗಿದರೂ ಮಂಡಲ ಮುರಿದಂತೆ. ಆದ್ದರಿಂದ ಪ್ರತಿ ವರ್ಷ ಸರದಿ ಕೂಡಿಸುವುದು ದೊಡ್ಡ ತಲೆನೋವು. ಅದನ್ನು ಹೊತ್ತವರು ಮೊಕ್ತೇಸರ ಸರ್ವೋತ್ತಮ ಹೆಗ್ಡೆಯವರು. ಸೀತಕ್ಕನಿಗೆ ದೊಡ್ಡಮ್ಮನ ಮಗ, ಹರಿಣಾಕ್ಷಿಗೆ ಮಾವ.

"ಯಂತ್ರ ದೀಪ ಹಚ್ಚುದಾ ಹರಿಣಿ?" ಎಂದು ಅವರು ಮೊದಲ ದಿನವೇ ಕೇಳಿದರು.

"ಇಲ್ಲ ಮಾವ. ಯಾರು ಹಚ್ಚಬೇಕು ಅಂತ ಹೇಳುದು."

"ಅದನ್ನು ನಾನೇ ಹೇಳ್ತೇನಲ್ಲ!"

"ನೀವು ಹೇಳುದು ಹೇಗೆ ಅಂತ ನನಗೆ ಹೇಳಿ. ಅಷ್ಟೇ ಸಾಕು."

ಹೆಗ್ಡೆಯವರು ನಕ್ಕು ವೀಳ್ಯದ ತಟ್ಟೆ ಮುಂದಕ್ಕೆ ಸರಿಸಿದರು. ಆರು ಭಾನುವಾರಗಳ ಕಾಲ ಆಕೆ ಹೆಗ್ಡೆಯವರ ಮನೆಯ ಚಾವಡಿಯಲ್ಲಿ ಕುಳಿತು ಅವರ ಬಾಯಿಂದ ನಿಯಮಗಳನ್ನು ಬರೆದುಕೊಂಡಳು. ಬರೆದುದನ್ನು ಮನೆಯಲ್ಲಿ ಕುದಿಸಿ ಬತ್ತಿಸಿ ಆರು ಪದಗಳಿಗೆ ಇಳಿಸಿದಳು: ಮನೆ, ಆಳು, ದಿನ, ಸರದಿ, ತಡೆ, ಬದಲಿ. ಈ ಆರು ಪದಗಳಿಂದ ಕಟ್ಟಿದ ವಾಕ್ಯಗಳಲ್ಲಿ ಬಾಳುಗುರಿಯ ಮಂಡಲವೆಲ್ಲ ಅಡಗಬೇಕು. ಯಾವ ಪದದ ಮುಂದೆ ಯಾವುದು ಬರಬಹುದು, ಬಂದರೆ ಏನರ್ಥ, ಎರಡು ನಿಯಮಗಳು ಒಂದೇ ದಿನಕ್ಕೆ ಕೈಚಾಚಿದರೆ ಯಾವುದು ಮೇಲು ಎಂಬುದೆಲ್ಲ ಬಿಗಿಯಾದ ಸೂತ್ರಗಳಲ್ಲಿ ನಿಂತಿತು. ಹೆಗ್ಡೆಯವರು ಕನ್ನಡಕ ಏರಿಸಿ ಅಷ್ಟನ್ನೂ ಓದಿ, "ನನ್ನ ತಲೆಯನ್ನೇ ಕಾಗದಕ್ಕೆ ಇಳಿಸಿದ್ದೀ ಮಾರಾಯ್ತಿ," ಎಂದರು.

ಭಾಷೆ ಸಿದ್ಧವಾಯಿತು. ಅದನ್ನು ಓದಿ ಪಟ್ಟಿ ಮಾಡಿಕೊಡುವ ಯಂತ್ರ ಬೇಕಿತ್ತು. ಪುತ್ತೂರಿನಲ್ಲಿ ಅಂಥ ಯಂತ್ರ ಆಗ ಬೆರಳೆಣಿಕೆಯಷ್ಟು. ಗಲ್ಫಿನಲ್ಲಿ ಏಳು ವರ್ಷ ದುಡಿದು ಬಂದ ಸಮದ್, ಬೊಳುವಾರಿನ ತನ್ನ ಟೈಪಿಂಗ್ ಶಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಕಲಿಸುತ್ತಿದ್ದ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಅದನ್ನು ಆತ ಹರಿಣಾಕ್ಷಿಗೆ ಬಿಟ್ಟುಕೊಟ್ಟ. ಕನ್ನಡದ ಅಕ್ಷರ ಅದರಲ್ಲಿ ಮೂಡುತ್ತಿರಲಿಲ್ಲ. ಆರು ಪದಗಳನ್ನೂ ಇಂಗ್ಲಿಷ್ ಲಿಪಿಯಲ್ಲಿ ಒತ್ತಬೇಕಾಯಿತು. ಆಕೆ ಬರೆದ ವಾಕ್ಯವನ್ನು ಯಂತ್ರ ಓದಿ, ತಪ್ಪಿದ್ದರೆ ತಪ್ಪಿನ ಸಾಲು ತೋರಿಸಿ, ಸರಿಯಿದ್ದರೆ ನಲವತ್ತೆಂಟು ದಿನಗಳ ಪಟ್ಟಿಯನ್ನು ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದದ ಮೇಲೆ ಕರಕರನೆ ಮುದ್ರಿಸಿತು. ಕಳೆದ ಮೂರು ಮಂಡಲಗಳಲ್ಲಿ ಬಂದ ಸಾವು ಹೆರಿಗೆಗಳನ್ನೆಲ್ಲ ಅದಕ್ಕೆ ಉಣಿಸಿದ್ದಳು. ಪಟ್ಟಿಗಳು ದೇವಸ್ಥಾನದ ದೀಪದ ಪುಸ್ತಕದೊಂದಿಗೆ ತಾಳೆಯಾದರೆ ಹಿರಿಯರು ರುಜು ಹಾಕಿಕೊಡುವುದು ಎಂದು ಮಾತಾಗಿತ್ತು.

ಮಾರ್ಚ್ ಆರು, ಭಾನುವಾರ. ಚಾವಡಿಯಲ್ಲಿ ಹತ್ತು ಹದಿನೈದು ಜನ ಕೂಡಿದ್ದರು. ಹೆಗ್ಡೆಯವರು ದೀಪದ ಪುಸ್ತಕ ಓದುವುದು, ಹರಿಣಾಕ್ಷಿ ತನ್ನ ಕಾಗದ ಓದುವುದು. ಎಂಬತ್ತೈದರ ಮಂಡಲ ಒಂದು ದಿನವೂ ತಪ್ಪದೆ ತಾಳೆಯಾಯಿತು. ಎಂಬತ್ತಾರರದು ಇಪ್ಪತ್ತೊಂಬತ್ತನೆಯ ದಿನದವರೆಗೆ ಸರಾಗವಾಗಿ ಬಂತು.

"ಮೂವತ್ತು, ಅಸ್ರಣ್ಣರ ಮನೆ," ಎಂದು ಹರಿಣಾಕ್ಷಿ ಓದಿದಳು.

ದೇವಸ್ಥಾನದ ಅರ್ಚಕರಾದ ಕೇಶವ ಅಸ್ರಣ್ಣರು ಕಂಬಕ್ಕೆ ಒರಗಿ ಕುಳಿತಿದ್ದವರು ನೆಟ್ಟಗಾದರು. "ಯಾವ ವರ್ಷದ್ದು ಟೀಚರ್ ಅದು?"

"ಎಂಬತ್ತಾರು."

"ಆಗ ನಮ್ಮ ದೊಡ್ಡಪ್ಪ ತೀರಿಕೊಂಡು ಐದೇ ದಿನ! ನನಗೆ ಹತ್ತು ದಿನದ ಸೂತಕ. ನಿಮ್ಮ ಯಂತ್ರ ನನ್ನ ಕೈಯಲ್ಲಿ ದೀಪ ಹಚ್ಚಿಸಿಯೇ ಬಿಟ್ಟಿತಲ್ಲ!"

"ದೊಡ್ಡಪ್ಪನ ಹೆಸರು ಕೊಟ್ಟಿದ್ದೇನೆ ಅಸ್ರಣ್ಣರೇ, ದಿನವೂ ಕೊಟ್ಟಿದ್ದೇನೆ," ಎಂದು ಆಕೆ ಕಾಗದ ತಿರುವಿದಳು. ಹೆಸರಿತ್ತು. ಹೆಸರಿನ ಮುಂದೆ ದೊಡ್ಡಪ್ಪನ ತಾಯಿಯ ಹೆಸರಿತ್ತು. ಕೇಶವ ಅಸ್ರಣ್ಣರ ಹೆಸರಿನ ಮುಂದೆ ಅವರ ತಾಯಿಯ ಹೆಸರು. ಇಬ್ಬರು ತಾಯಂದಿರು ಬೇರೆ ಬೇರೆ ಬಳ್ಳಿಯವರು. ಆದ್ದರಿಂದ ಯಂತ್ರದ ದೃಷ್ಟಿಯಲ್ಲಿ ದೊಡ್ಡಪ್ಪನೂ ತಮ್ಮನ ಮಗನೂ ಒಬ್ಬರಿಗೊಬ್ಬರು ಏನೂ ಅಲ್ಲ. ಅಷ್ಟೇ ಅಲ್ಲ, ಅದೇ ಮಂಡಲದಲ್ಲಿ ಇನ್ನೊಂದು ಬ್ರಾಹ್ಮಣ ಮನೆಯವನನ್ನು ಸೋದರಮಾವ ಸತ್ತನೆಂದು ಪೂರ್ತಿ ಹತ್ತು ದಿನ ಸೂತಕದಲ್ಲಿ ಕೂರಿಸಿಬಿಟ್ಟಿತ್ತು.

ಅಸ್ರಣ್ಣರು ಕಾಗದಕ್ಕೆ ಬಗ್ಗಿ ನೋಡಿದರು. "ಎಲ್ಲರ ಹೆಸರಿಗೂ ಅಮ್ಮನ ಹೆಸರೇ ಉಂಟಲ್ಲ! ನಿಮ್ಮ ಯಂತ್ರಕ್ಕೆ ಅಪ್ಪ ಇಲ್ಲವಾ ಟೀಚರ್?"

ಚಾವಡಿಯಲ್ಲಿ ನಗು ಸಿಡಿಯಿತು. ಹೆಗ್ಡೆಯವರು ನಗಲಿಲ್ಲ. "ನಾನೂ ಓದಿದ್ದೆನಲ್ಲ. ನನಗೆ ಹೇಗೆ ಕಾಣದೆ ಹೋಯಿತು?" ಎಂದು ಗೊಣಗಿದರು. ಕಾಣದೆ ಹೋದದ್ದು ಏಕೆಂದರೆ ಅವರದೂ ತಾಯಿಯ ಬಳ್ಳಿಯ ಮನೆಯೇ. ಸೂತಕ ಎಷ್ಟು ದಿನ ಎಂದು ಹರಿಣಾಕ್ಷಿ ಮನೆಮನೆಯದನ್ನೂ ವಿಚಾರಿಸಿದ್ದಳು. ಯಾರಿಗೆ ಬರುತ್ತದೆ ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ತೋಚಿರಲೂ ಇಲ್ಲ. ಹೇಳಬೇಕೆಂದು ಹೆಗ್ಡೆಯವರಿಗೂ ತೋಚಿರಲಿಲ್ಲ.

"ತಪ್ಪು ನನ್ನದು," ಎಂದು ಆಕೆ ಎಲ್ಲರ ಎದುರು ಹೇಳಿ ಕಾಗದ ಮಡಚಿದಳು. "ಇಪ್ಪತ್ತೇಳನೆಯ ತಾರೀಕು ಭಾನುವಾರ ಇನ್ನೊಮ್ಮೆ ಕೂಡ್ತೀರಾ?"

"ಕೂಡುವ," ಎಂದರು ಅಸ್ರಣ್ಣರು. "ಆದ್ರೆ ನನಗೆ ಅಪ್ಪನನ್ನು ಕೊಟ್ಟೇ ಕರೀಬೇಕು!"

ಮರುದಿನ ಸಂಜೆ ಸಮದ್ ಎಲ್ಲವನ್ನೂ ಕೇಳಿ, "ಇದೆಂತ ದೊಡ್ಡ ವಿಷಯ ಟೀಚರ್ರೇ? ಭಟ್ರುಗಳ ಮನೆ ಬಂದ್ರೆ ಅಪ್ಪನನ್ನು ನೋಡು ಅಂತ ಒಂದು ಸಾಲು ಸೇರಿಸಿ. ಅರ್ಧ ಗಂಟೆಯ ಕೆಲಸ," ಎಂದ.

ಆಸೆ ಹುಟ್ಟಿಸುವ ಮಾತು. ಇಪ್ಪತ್ತನಾಲ್ಕು ದಿನ ಉಳಿದಿದೆ. ಶಾಲೆಯಲ್ಲಿ ಪರೀಕ್ಷೆಯ ಕಾಲ. ಹರಿಣಾಕ್ಷಿ ಕುರ್ಚಿಯಲ್ಲಿ ಕುಳಿತು ಆ ಒಂದು ಸಾಲನ್ನು ಬರೆದೂ ನೋಡಿದಳು. ಅಷ್ಟರಲ್ಲಿ ಸಮದ್ ತಮಾಷೆಗೆಂದು ತನ್ನ ಮನೆಯವರ ಹೆಸರುಗಳನ್ನೇ ಯಂತ್ರಕ್ಕೆ ಕೊಟ್ಟ: ಉಮ್ಮ ಜೈನಬಮ್ಮ, ಉಮ್ಮನ ಅಣ್ಣ ಕಾಸಿಂ, ತಾನು.

"ಕಾಸಿಂ ಮಾಮನನ್ನು ಸಾಯಿಸಿದೆ. ಅವರು ಕೇಳಿದ್ರೆ ನನ್ನನ್ನು ಬಿಡ್ಲಿಕ್ಕಿಲ್ಲ," ಎಂದು ಪರದೆಯತ್ತ ಕೈ ತೋರಿದ. "ನೋಡಿ, ನನಗೆ ಸೂತಕ ಬಂತು! ನಮ್ಮಲ್ಲಿ ಸೂತಕ ಅಂತಲೇ ಇಲ್ಲ ಟೀಚರ್ರೇ. ಇದು ಪಾಪ, ಲೋಕದವರೆಲ್ಲ ಬಂಟರು ಅಂತ ನಂಬಿಕೊಂಡಿದೆ."

ಹರಿಣಾಕ್ಷಿ ಮೊದಲು ನಕ್ಕಳು; ಆಮೇಲೆ ಬರೆದ ಸಾಲನ್ನು ಅಳಿಸಿದಳು. "ಇದು ಪ್ರೋಗ್ರಾಮಿನ ತಪ್ಪಲ್ಲ ಸಾಹೇಬ್ರೆ. ಭಾಷೆಯ ತಪ್ಪು. ನನ್ನ ಭಾಷೆಯಲ್ಲಿ ಅಪ್ಪ ಅಂತ ಹೇಳ್ಲಿಕ್ಕೆ ಜಾಗವೇ ಇಲ್ಲ. ಹೇಳ್ಲಿಕ್ಕೆ ಬಾರದ್ದನ್ನು ಯಾವ ಪ್ರೋಗ್ರಾಮು ಮಾಡೀತು? ಇವತ್ತು ಭಟ್ರಿಗೆ ಒಂದು ಸಾಲು, ನಾಳೆ ಗೌಡರಿಗೆ ಒಂದು, ನಾಡಿದ್ದು ಇನ್ಯಾರಿಗೋ. ಅದು ಭಾಷೆ ಅಲ್ಲ, ತೇಪೆ."

"ಹಾಗಾದ್ರೆ ಎಂತ ಮಾಡುದು?"

"ಬುಡದಿಂದ ಕಿತ್ತು ಕಟ್ಟುದು."

ಸಮದ್ ಆ ವಾರದಿಂದ ಸಂಜೆಯ ಇನ್ನೊಂದು ಗಂಟೆಯನ್ನೂ ಬಿಟ್ಟುಕೊಟ್ಟ.

ಆಕೆ ಕಂಡುಕೊಂಡದ್ದು ಇಷ್ಟು: ನಂಟಿನ ನಿಯಮ ಭಾಷೆಯ ಒಡಲಿನಲ್ಲಿ ಇರಕೂಡದು. ಯಾರ ಸಾವು ಯಾರಿಗೆ ತಾಗುತ್ತದೆಂದು ಹೇಳುವ ಅಧಿಕಾರ ಭಾಷೆಯದಲ್ಲ, ಮನೆಯದು. ಭಾಷೆ ಕೇಳಬಲ್ಲದು, ಉತ್ತರ ಮನೆಯಿಂದ ಬರಬೇಕು. ಹೀಗೆ ಏಳನೆಯ ಪದ ಹುಟ್ಟಿತು: ನಡೆ. ಪ್ರತಿಯೊಂದು ಮನೆಯೂ ತನ್ನ ನಡೆಯನ್ನು ತಾನೇ ಸಾರಬೇಕು: ಯಾರನ್ನು ತನ್ನವರೆಂದು ಎಣಿಸುತ್ತದೆ, ಎಷ್ಟು ದಿನ ಕೂರುತ್ತದೆ. ಆಳಿನ ವಾಕ್ಯದಲ್ಲಿ ತಾಯಿಗೂ ತಂದೆಗೂ ಸಮನಾದ ಜಾಗ.

ಸಾರಬೇಕಾದರೆ ಕೇಳಬೇಕು. ಹೆಗ್ಡೆಯವರೊಬ್ಬರನ್ನು ಕೇಳಿ ಮೋಸಹೋದದ್ದು ಸಾಕಾಗಿತ್ತು. ಶಾಲೆಯಿಂದ ಎಂಟು ದಿನ ರಜೆ ಬರೆದುಕೊಟ್ಟು, ಬೆಳಗಿನ ಮೊದಲ ಬಸ್ಸಿಗೆ ಗುತ್ತಿಗಾರಿಗೆ ಹೋಗಿ, ದಿನಕ್ಕೆ ಆರು ಮನೆಯಂತೆ ನಲವತ್ತೆಂಟು ಮನೆಗಳ ಅಂಗಳವನ್ನೂ ಆಕೆ ಮೆಟ್ಟಿದಳು. ಮಾರ್ಚ್ ತಿಂಗಳ ಬಿಸಿಲು, ಏರು ಇಳಿಜಾರಿನ ದಾರಿ. ಮೂರನೆಯ ದಿನ ಚಪ್ಪಲಿಯ ಬಾರು ಕಿತ್ತುಹೋಯಿತು. ಸೇಫ್ಟಿ ಪಿನ್ನು ಚುಚ್ಚಿಕೊಂಡು ನಡೆದಳು. ಎಲ್ಲ ಕಡೆಯೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ. ಕೆಲವರು ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಂದು ಸುದ್ದಿ ತಂದವಳೋ ಎಂದು ಹೆದರಿದರು. ಕೆಲವರು ನಕ್ಕರು. ಕೇಳುತ್ತ ಹೋದಂತೆ ನಲವತ್ತೆಂಟು ಮನೆಗಳಲ್ಲಿ ಹನ್ನೊಂದು ಬಗೆಯ ನಡೆಗಳು ಹೊರಬಿದ್ದವು. ಹೊಳೆಯ ಈಚೆ ಆಚೆ ಇದ್ದ ಒಂದೇ ಕುಲದ ಎರಡು ಮನೆಗಳು ಮದುವೆಯಾಗಿ ಹೋದ ಮಗಳ ವಿಷಯದಲ್ಲಿ ಬೇರೆ ಬೇರೆ ಹೇಳಿದವು. ಇಬ್ಬರೂ ತಮ್ಮದೇ ಊರಿನ ಕ್ರಮ ಎಂದರು.

ಏಳನೆಯ ದಿನ ಗೋದಾವರಿಯಮ್ಮ ಎಂಬ ಮುದುಕಿಯ ಮನೆ. ಆಕೆಯ ಉತ್ತರಗಳನ್ನೆಲ್ಲ ಬರೆದುಕೊಂಡು ಹರಿಣಾಕ್ಷಿ ಏಳುವಷ್ಟರಲ್ಲಿ ಮುದುಕಿ, "ಅಲ್ಲ ಮಗಾ, ಎಲ್ಲ ಕೇಳಿದೆ, ಸೂತಕ ಯಾವಾಗಿಂದ ಅಂತ ಕೇಳಲೇ ಇಲ್ಲ," ಎಂದಳು.

"ಸತ್ತ ದಿನದಿಂದ ಅಲ್ಲವಾ ಅಮ್ಮ?"

"ನನ್ನ ಮೈದುನ ಬೊಂಬಾಯಿಯಲ್ಲಿ ಸತ್ತದ್ದು. ಕಾಗದ ಬಂದದ್ದು ಹದಿಮೂರನೇ ದಿನ. ಅಷ್ಟರವರೆಗೆ ನಾವು ದೀಪ ಹಚ್ಚಿದ್ದೂ ಆಗಿತ್ತು, ಕೋಲ ನೋಡಿದ್ದೂ ಆಗಿತ್ತು. ಗೊತ್ತಿಲ್ಲದ ಸಾವಿಗೆ ಸೂತಕ ಉಂಟಾ? ಕೇಳಿದ ಮೇಲೆ ಮಿಂದು ಮೂರು ದಿನ ಕೂತೆವು."

ಹರಿಣಾಕ್ಷಿ ಮತ್ತೆ ಚಾಪೆಯ ಮೇಲೆ ಕುಳಿತಳು. ನಡೆದದ್ದು ಬೇರೆ, ತಿಳಿದದ್ದು ಬೇರೆ. ಆಕೆ ಓದಿದ ವರದಿಗಳಲ್ಲಿ ಎಲ್ಲ ಘಟನೆಗಳೂ ನಡೆದ ಕ್ಷಣದಲ್ಲೇ ಯಂತ್ರಕ್ಕೆ ತಿಳಿಯುತ್ತಿದ್ದವು. ಇಲ್ಲಿ ಶಾಸ್ತ್ರವೂ ರೂಢಿಯೂ ಆ ಎರಡನ್ನು ಎಷ್ಟೋ ಕಾಲದ ಹಿಂದೆಯೇ ಬೇರ್ಪಡಿಸಿ ಇಟ್ಟಿದ್ದವು. ನಡೆ ಎಂಬ ಪದಕ್ಕೆ ಮೂರನೆಯ ಅಂಗ ಸೇರಿತು: ಯಾವ ದಿನದಿಂದ. ಸಾವು ಹೆರಿಗೆಗಳ ತಡೆಯ ವಾಕ್ಯದಲ್ಲಿ ಆದ ದಿನವನ್ನೂ ಕೇಳಿದ ದಿನವನ್ನೂ ಬೇರೆ ಬೇರೆಯಾಗಿ ಬರೆಯುವುದು ಕಡ್ಡಾಯವಾಯಿತು. ನೋಡಿ ಬಂದ ನಲವತ್ತು ಮನೆಗಳಿಗೆ ಈ ಪ್ರಶ್ನೆಗಾಗಿಯೇ ಮರಳಿ ಹೋಗಬೇಕಾಯಿತು. ರಜೆ ಮುಗಿದಿತ್ತು. ಭಾನುವಾರ ಇಡೀ ದಿನ ಆಕೆ ನಡೆದಳು. ದೇವದಾಸ ರೈ ಅಂಗಡಿ ಮುಚ್ಚಿ, ಒಂದು ಮೋಟಾರ್ ಸೈಕಲ್ ಬೇಡಿ ತಂದು, ಹೊಳೆಯಾಚೆಯ ಮನೆಗಳಿಗೆ ತಾನೇ ಹೋಗಿ ಕೇಳಿ ಬರೆದು ತಂದ. ಪ್ರಶ್ನೆಯ ಒಂದು ಅಕ್ಷರವನ್ನೂ ಬದಲಿಸಬಾರದು ಎಂದು ಹೆಂಡತಿ ಆಣೆ ಹಾಕಿಸಿದ್ದಳು.

ಮಾರ್ಚ್ ಇಪ್ಪತ್ತೇಳು. ಚಾವಡಿಯಲ್ಲಿ ಹೋದ ಸಲಕ್ಕಿಂತ ಇಮ್ಮಡಿ ಜನ. ತಮ್ಮ ಮನೆಯ ಉತ್ತರ ಏನಾಯಿತೆಂದು ನೋಡಲು ಬಂದವರೇ ಹೆಚ್ಚು. ಓದುವ ಮೊದಲು ಹರಿಣಾಕ್ಷಿ ಏಳು ಪದಗಳನ್ನೂ ಅವುಗಳ ನಿಯಮಗಳನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಅಸ್ರಣ್ಣರ ಕೈಗೆ ಕೊಟ್ಟು, "ಈ ಸಲ ನೀವೇ ಪರೀಕ್ಷಕರು," ಎಂದಳು. ಅವರು ಎರಡು ಸಲ ಓದಿ, ಮೂರನೆಯ ಸಲ ಬೆರಳು ಮಡಚುತ್ತ ಓದಿದರು.

ಎಂಬತ್ತೈದು ತಾಳೆಯಾಯಿತು. ಎಂಬತ್ತಾರರ ಮೂವತ್ತನೆಯ ದಿನವನ್ನು ಹರಿಣಾಕ್ಷಿ ಓದಿದಳು. ಅಸ್ರಣ್ಣರ ಮನೆ ಸರಿದು ಮುಂದಿನ ಮನೆ ಬಂತು. "ಅಪ್ಪ ಸಿಕ್ಕಿದ!" ಎಂದು ಯಾರೋ ಕೂಗಿದರು. ಎಂಬತ್ತೇಳೂ ಹದಿನಾರನೆಯ ದಿನದವರೆಗೆ ನೆಟ್ಟಗೆ ನಡೆಯಿತು.

"ಹದಿನೇಳು, ಸಂಕಪ್ಪ ಗೌಡರ ಮನೆ," ಎಂದಳು ಹರಿಣಾಕ್ಷಿ.

"ಹದಿನೇಳು, ಗೋದಾವರಿಯಮ್ಮನ ಮನೆ," ಎಂದು ಹೆಗ್ಡೆಯವರು ಪುಸ್ತಕದಿಂದ ಓದಿ ತಲೆಯೆತ್ತಿದರು. "ಹದಿನೆಂಟಕ್ಕೆ ಸಂಕಪ್ಪ."

ನಾಲ್ಕು ದಿನ ಉಳಿದಿದೆ. ಆದರೂ ಹರಿಣಾಕ್ಷಿ ಕಾಗದ ಮಡಚಲಿಲ್ಲ. ತನ್ನ ಭಾಷೆಯನ್ನು ಅನುಮಾನಿಸುವ ಮುನ್ನ ಕೇಳಬೇಕಾದವರನ್ನು ಕೇಳುವುದನ್ನು ಆ ಎಂಟು ದಿನಗಳು ಕಲಿಸಿದ್ದವು. "ಸಂಕಪ್ಪಣ್ಣ, ಆ ದಿನ ನಿಮಗೆ ಎಂತ ತಡೆ?"

ಹಿಂದಿನ ಸಾಲಿನಿಂದ ಸಂಕಪ್ಪ ಎದ್ದು ನಿಂತ. "ನನಗೆಂಥ ಸೂತಕವೂ ಇಲ್ಲಕ್ಕ. ಆನೆ! ಎರಡು ಆನೆ ದಾರಿಯಲ್ಲಿ ನಿಂತು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಅಲ್ಲಾಡಲೇ ಇಲ್ಲ. ಬರುದು ಹೇಗೆ? ಹಾರಿ ಬರುದಾ?"

"ಪುಸ್ತಕದಲ್ಲಿ ಬರೆದಿಲ್ಲವಲ್ಲ ಮಾವ?"

"ಎಂತ ಬರೆಯುದು ಹರಿಣಿ, ಊರಿಗೇ ಗೊತ್ತುಂಟಲ್ಲ!" ಎಂದ ಹೆಗ್ಡೆಯವರು, ಆ ಮಾತು ಬಾಯಿಂದ ಹೊರಟೊಡನೆ ತಾವೇ ತಲೆ ಚಚ್ಚಿಕೊಂಡರು.

ಯಂತ್ರ ಮೂವತ್ತು ಮೈಲಿ ದೂರದ ಬೊಳುವಾರಿನಲ್ಲಿತ್ತು. ಹರಿಣಾಕ್ಷಿ ಪೆನ್ನು ತೆಗೆದು ಪಟ್ಟಿಯ ಅಂಚಿನಲ್ಲಿ ಒಂದೇ ವಾಕ್ಯ ಬರೆದು ಅಸ್ರಣ್ಣರ ಮುಂದಿಟ್ಟಳು. ಅವರು ಗಟ್ಟಿಯಾಗಿ ಓದಿದರು: "ತಡೆ, ಮನೆ ಸಂಕಪ್ಪ, ದಿನ ಹದಿನೇಳು." ನಿಯಮದ ಹಾಳೆಯ ಮೇಲೆ ಅವರ ಬೆರಳು ಇಳಿಯುತ್ತ ಬಂತು. "ತಡೆ ಇದ್ದರೆ ಬದಲಿ. ಬದಲಿ ಅಂದ್ರೆ ಮುಂದಿನ ಮನೆ. ಮುಂದಿನದು ಗೋದಾವರಿಯಮ್ಮ, ಅವರಿಗೆ ತಡೆ ಇಲ್ಲ. ಹಾಗಾದ್ರೆ ಹದಿನೇಳು ಅವರಿಗೆ. ತಡೆ ಕಳೆದ ಮೊದಲ ದಿನ ಸಂಕಪ್ಪನಿಗೆ, ಅದು ಹದಿನೆಂಟು." ಅವರು ಹಾಳೆ ಕೆಳಗಿಟ್ಟು, ಪುಸ್ತಕದತ್ತ ನೋಡಿ, ಮತ್ತೆ ಹರಿಣಾಕ್ಷಿಯತ್ತ ನೋಡಿದರು. "ಯಂತ್ರ ಇಲ್ಲದೆ ನನಗೇ ಬಂತಲ್ಲ ಟೀಚರ್!"

"ಬರಬೇಕಾದದ್ದೂ ಹಾಗೆಯೇ ಅಸ್ರಣ್ಣರೇ. ಯಂತ್ರಕ್ಕಿಂತ ಮೊದಲು ನಿಮಗೆ ಬರಬೇಕು."

ಉಳಿದ ಮೂವತ್ತು ದಿನಗಳೂ ತಾಳೆಯಾದವು. ಅಸ್ರಣ್ಣರು ಬಿಳಿ ಕಾಗದ ತರಿಸಿ, "ಇದು ಬಾಳುಗುರಿಯ ಕ್ರಮವೇ ಹೌದು, ಓದಿ ನೋಡಿದ್ದೇನೆ," ಎಂದು ಸ್ವಹಸ್ತದಿಂದ ಬರೆದು ಮೊದಲ ರುಜು ಹಾಕಿದರು. ಹೆಗ್ಡೆಯವರು ಎರಡನೆಯದು.

ಮೂವತ್ತನೆಯ ತಾರೀಕು ಬುಧವಾರ ಮಧ್ಯಾಹ್ನ ಪ್ರಬಂಧ ವಿಶ್ವವಿದ್ಯಾಲಯದ ಕಚೇರಿಯ ಮೇಜಿನ ಮೇಲೆ ಇತ್ತು. ತಾಯಿಯ ಬಳ್ಳಿಯನ್ನೇ ಲೋಕವೆಂದು ನಂಬಿದ ಮೊದಲ ಭಾಷೆಯ ಕಥೆ ಅದರಲ್ಲಿ ಬೇಡವೆಂದು ಮಾರ್ಗದರ್ಶಕರು ಹೇಳಿದ್ದರು. ಹರಿಣಾಕ್ಷಿ ಅದನ್ನು ನಾಲ್ಕನೆಯ ಅಧ್ಯಾಯವಾಗಿ ಇಡಿಯಾಗಿ ಬರೆದಿದ್ದಳು. ಜುಲೈ ತಿಂಗಳ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಬೇರೆಲ್ಲ ಪುಟ ಬಿಟ್ಟು ಆ ಅಧ್ಯಾಯವನ್ನೇ ತೆರೆದು, "ನಿಮ್ಮ ಭಾಷೆಯ ಮಿತಿ ಯಾವುದು?" ಎಂದು ಕೇಳಿದರು.

"ಕೇಳದೆ ಬಿಟ್ಟದ್ದನ್ನು ಅದು ಹೇಳಲಾರದು," ಎಂದಳು ಹರಿಣಾಕ್ಷಿ. "ಕೇಳುವವರ ಮಿತಿಯೇ ಅದರ ಮಿತಿ."

ಪದವಿ ಬಂತು. ಬಾಳುಗುರಿಯಲ್ಲಿ ಇಂದಿಗೂ ಯಂತ್ರವಿಲ್ಲ. ಆದರೆ ದೀಪದ ಪುಸ್ತಕವನ್ನು ಆ ವರ್ಷದಿಂದ ಏಳು ಪದಗಳ ಕ್ರಮದಲ್ಲೇ ಬರೆಯುತ್ತಾರೆ, ಆನೆ ನಿಂತುದನ್ನೂ ಸೇರಿಸಿ. ಹರಿಣಾಕ್ಷಿ ಎಂದಿನಂತೆ ಒಂಬತ್ತೂವರೆಯ ಗಂಟೆಗೆ ಶಾಲೆಯ ಮೆಟ್ಟಿಲು ಹತ್ತುತ್ತಾಳೆ.

ಆಕೆ ಕೇಳಿದ ಪ್ರಶ್ನೆಗೆ ಬಾಗಿಲು ತೆರೆದ ನಲವತ್ತೆಂಟು ಮನೆಗಳ ದೇವರೂ ಆಕೆಯನ್ನು ಕಾಯಲಿ. ಸೀತಕ್ಕನಿಗೆ ನೋವಿಲ್ಲದ ಮುಪ್ಪು, ದೇವದಾಸ ರೈಗೆ ದಣಿಯದ ಕೈ, ಮೋಹಿನಿಗೆ ತಾಯಿಯ ಛಲವೂ ತಂದೆಯ ನಗೆಯೂ ಸಮಪಾಲಾಗಿ ಒದಗಲಿ. ಆ ಮನೆಯೊಳಗೆ ಆಡಿದ ಮಾತು ಆಡಿದ ಅರ್ಥದಲ್ಲೇ ಕೇಳಿದವರ ಹೃದಯ ಮುಟ್ಟಲಿ. ತಲೆತಲಾಂತರಕ್ಕೂ ಅಲ್ಲಿ ಅನ್ನ, ಅರಿವು, ಆಯುಸ್ಸು ಕುಂದದಿರಲಿ.